ಬ್ಯಾಟರಿ ಇಲ್ಲದ ಬ್ಲೇಡ್ ರೇಡಿಯೊ

ಶೇವಿಂಗ್ ಬ್ಲೇಡಿನಿಂದ ಸೈನಿಕರು ರೇಡಿಯೊ ಮಾಡಿದ್ದು ನಿಜವಾ, ಬ್ಯಾಟರಿ ಬೇಡವಾ ಅಂತ ಕೇಳಿದ್ದೀರಲ್ವಾ? ನಿಜವೇ. 1944ರಲ್ಲಿ ಇಟಲಿಯ ಆಂಜಿಯೊ ತೀರದಲ್ಲಿ ಸಿಕ್ಕಿಕೊಂಡಿದ್ದ ಅಮೆರಿಕನ್ ಸೈನಿಕರು ಗುಂಡಿಗಳಲ್ಲಿ ಕೂತು ಇಂಥವನ್ನು ಕಟ್ಟಿದರು.

ಜಾಣತನವೆಲ್ಲ ಬ್ಲೇಡಿನಲ್ಲಿದೆ. ಅದರ ನೀಲಿಗಟ್ಟಿದ ಆಕ್ಸೈಡ್ ಪದರಕ್ಕೆ ಪೆನ್ಸಿಲ್ ಸೀಸದ ಮೊನೆ ಹಗುರವಾಗಿ ತಾಗಬೇಕು. ಸೀಸವನ್ನು ಸೇಫ್ಟಿ ಪಿನ್ನಿಗೆ ಸಿಕ್ಕಿಸಿ ಮೆಲ್ಲಗೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ದನಿ ಕೇಳುತ್ತದೆ. ಆ ಜಾಗವೇ ಡಯೋಡ್, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಭಾಗ. ಜೊತೆಗೆ ರಟ್ಟಿನ ಕೊಳವೆಗೆ ಸುತ್ತಿದ ತಂತಿ, ಆಂಟೆನಾ, ಅರ್ಥಿಂಗ್, ಹೆಡ್‌ಫೋನ್ ಇದ್ದರೆ ಸಾಕು. ರೇಡಿಯೊ ಅಲೆಯ ಶಕ್ತಿಯೇ ಹೆಡ್‌ಫೋನನ್ನು ನುಡಿಸುತ್ತದೆ. ಎಂಥ ಸೊಗಸಾದ ಉಪಾಯ!

ನೀವೂ ಮಾಡಿ ನೋಡಿ. ಹತ್ತಿರದ ಎಎಂ (ಎಫ್ಎಂ ಅಲ್ಲ, ಮೀಡಿಯಂ ವೇವ್) ಸ್ಟೇಷನ್ ಮಾತ್ರ ಸಿಗುತ್ತದೆ. ಮೊಬೈಲ್ ಇಯರ್‌ಫೋನ್ ಆಗುವುದಿಲ್ಲ, ತೀರಾ ಕಡಿಮೆ ವಿದ್ಯುತ್ತಿನಲ್ಲೂ ನುಡಿಯುವ ಕ್ರಿಸ್ಟಲ್ ಇಯರ್‌ಫೋನ್ ತಗೊಳ್ಳಿ.