ಪಿಜ್ಜೆಲ್ಲೆ ಗಂಟೆಯೊಳಗೆ ಮೆತ್ತಗಾಗುತ್ತಿದ್ದರೆ

ಬಿಸಿ ಇರುವಾಗಲೇ ಪಿಜ್ಜೆಲ್ಲೆಗಳನ್ನು (ಕಾದ ಅಚ್ಚಿನಲ್ಲಿ ಒತ್ತಿ ಬೇಯಿಸುವ ಇಟಲಿಯ ಬಿಸ್ಕತ್ತು) ಒಂದರ ಮೇಲೊಂದು ಜೋಡಿಸುತ್ತಿರುವುದೇ ಬಹುಶಃ ಕಾರಣ. ನಿಮ್ಮ ಅತ್ತೆಯವರ ಅಬ್ರುಜ್ಜೊ (ಇಟಲಿಯ ಒಂದು ಪ್ರಾಂತ್ಯ) ರೆಸಿಪಿಯ ಪಿಜ್ಜೆಲ್ಲೆ ಗಂಟೆಯೊಳಗೆ ಮೆತ್ತಗಾಗುತ್ತದೆ ಅಂದಿರಲ್ಲ, ಅದು ನಡುವೆ ಸಿಕ್ಕಿಕೊಂಡ ಹಬೆಯ ಕೆಲಸ. ಹಿಟ್ಟಿನ ಅಳತೆಗೆ ಈಗಲೇ ಕೈ ಹಾಕಬೇಡಿ.

ಮೊದಲು ಅಚ್ಚು ಪೂರ್ತಿ ಕಾಯಲಿ. ನಡುವೆ ಒಂದು ಚಮಚ ಹಿಟ್ಟು ಹಾಕಿ ಒತ್ತಿದರೆ ಪಕ್ಕದಿಂದ ಹಬೆ ಬರುತ್ತದೆ. ಅದು ಹೆಚ್ಚುಕಡಿಮೆ ನಿಲ್ಲುವವರೆಗೆ ತೆರೆಯಬೇಡಿ. ಒಂದೊಂದು ಅಚ್ಚು ಒಂದೊಂದು ಥರ, ಹಾಗಾಗಿ ಸೆಕೆಂಡ್ ಎಣಿಸುವುದಕ್ಕಿಂತ ಬಣ್ಣ ನೋಡಿ: ತಿಳಿ ಹೊಂಬಣ್ಣ ಬರಬೇಕು. ತೆಗೆದ ತಕ್ಷಣ ಬಾಗುತ್ತದೆ, ಗಾಬರಿ ಬೇಡ. ಗರಿಗರಿ ಆಗುವುದು ಆರಿದ ಮೇಲೆಯೇ. ತಂತಿ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ. ಪೂರ್ತಿ ತಣ್ಣಗಾದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ. ಅದೇ ಡಬ್ಬಿಯಲ್ಲಿ ಕೇಕ್ ಇಡಬೇಡಿ, ಅದರ ತೇವ ಇದಕ್ಕೆ ಬರುತ್ತದೆ.

ಈಗಾಗಲೇ ಮೆತ್ತಗಾದವನ್ನು ಎಸೆಯಬೇಡಿ. 150 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 3-4 ನಿಮಿಷ ಇಟ್ಟು ಆರಿಸಿ.

ನೀವು ಆನೀಸ್ (ಸೋಂಪಿನಂಥದೇ ಪರಿಮಳದ ಬೀಜ) ಬದಲು ಸೋಂಪು ಹಾಕಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ, ರುಚಿ ಮಾತ್ರ ಸ್ವಲ್ಪ ಬೇರೆ, ಅಷ್ಟೇ.

ಇಷ್ಟಾದರೂ ಮೆತ್ತಗಾದರೆ ರೆಸಿಪಿಯನ್ನೇ ನೋಡಬೇಕು. ನೀವು 6 ಮೊಟ್ಟೆ ಅಂತ ಬರೆದಿದ್ದೀರಿ, ಸಕ್ಕರೆ ಎಷ್ಟು ಅಂತ ಹೇಳಿಲ್ಲ. ಸಕ್ಕರೆ ಕಡಿಮೆಯಾದರೆ ಗರಿಗರಿ ಬರುವುದು ಕಷ್ಟ. ಇನ್ನೊಂದು, ಅಬ್ರುಜ್ಜೊದಲ್ಲಿ ತೆಳ್ಳಗಿನ ಗರಿ ಪಿಜ್ಜೆಲ್ಲೆಯೂ ಇದೆ, ದಪ್ಪಗಿನ ಮೆತ್ತನೆಯದೂ ಇದೆ. ಸಕ್ಕರೆ ಹೆಚ್ಚಿಸುವ ಮುಂಚೆ ಅವರ ಮನೆಯದು ಯಾವುದು ಅಂತ ಅತ್ತೆಯವರನ್ನೇ ಕೇಳಿ.