ಕೆರೆ ಬಗ್ಗೆ ಆನಿಮೇಷನ್ ಮಾಡ್ಬೇಕು, ಕತೆ ಎಲ್ಲಿಂದ ಹಿಡಿಯೋದು?

ಪ್ರಶ್ನೆ: ಮೇಡಂ, ನಂದು ದಾವಣಗೆರೆ, ಬೆಂಗಳೂರಲ್ಲಿ ಆನಿಮೇಷನ್ ಓದ್ತಿದೀನಿ, ಇದು ಕೊನೇ ವರ್ಷ. ಪ್ರಾಜೆಕ್ಟಿಗೆ ಒಂದು ಶಾರ್ಟ್ ಫಿಲ್ಮ್ ಮಾಡ್ಬೇಕು. ಬೆಳ್ಳಂದೂರು ಕೆರೆ ಬಗ್ಗೆ ಮಾಡೋಣ ಅಂತ. ಕೆರೆನೇ ಮಾತಾಡುತ್ತೆ, ಹುಟ್ಟಿದಾಗಿಂದ ಹಿಡಿದು ನೊರೆ ಎದ್ದಿದ್ದು ಬೆಂಕಿ ಹತ್ತಿದ್ದರ ತನಕ ತನ್ನ ಕತೆ ಹೇಳ್ಕೊಳ್ಳುತ್ತೆ, ನಡುವೆ ಮೀನು ಹಿಡಿಯೋರು, ಬಟ್ಟೆ ಒಗೆಯೋರು, ಬಿಲ್ಡರು, ಟೆಕ್ಕಿಗಳು ಎಲ್ಲಾ ಬರ್ತಾರೆ. ಹತ್ತು ನಿಮಿಷ. ನಮ್ಮ ಗೈಡ್ ಓದಿ 'ವಿಷಯ ಚೆನ್ನಾಗಿದೆ, ಕತೆ ಎಲ್ಲಪ್ಪಾ?' ಅಂದ್ರು. ಇದು ಕತೆ ಅಲ್ವಾ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿನೇ, ಬೇಜಾರಾಗ್ಬೇಡಿ. ನೀವು ಬರ್ದಿರೋದನ್ನ ಒಂದು ಲೇಖನ ಮಾಡ್ಬಹುದು, ಭಾಷಣ ಮಾಡ್ಬಹುದು. ಆದ್ರೆ ಕತೆ ಅಂದ್ರೆ ಅದ್ರಲ್ಲಿ ಯಾರಿಗೋ ಏನೋ ಬೇಕಾಗಿರ್ಬೇಕು, ಇಲ್ಲಿ ಯಾರಿಗೂ ಏನೂ ಬೇಕಾಗಿಲ್ಲ ನೋಡಿ, ಕೆರೆ ಸುಮ್ನೆ ದುಃಖ ಹೇಳ್ಕೊಳ್ತಿದೆ, ಉಳಿದೋರು ಒಬ್ಬೊಬ್ರಾಗಿ ಬಂದು ಮುಖ ತೋರಿಸಿ ಹೋಗ್ತಿದಾರೆ ಅಷ್ಟೆ.

ಅದಕ್ಕೂ ಮೊದ್ಲು ಒಂದು ಲೆಕ್ಕ ಹಾಕಿ. ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರಾನ ಎರಡೆರಡು ಫ್ರೇಮ್ ನಿಲ್ಲಿಸಿದ್ರೂ ಸೆಕೆಂಡಿಗೆ 12 ಚಿತ್ರ ಬೇಕು, ಹತ್ತು ನಿಮಿಷಕ್ಕೆ 7,200 ಆಯ್ತು, ಅದೂ ತೆರೆ ಮೇಲೆ ಒಂದೇ ಪಾತ್ರ ಇದ್ರೆ! ಮೂರು ನಿಮಿಷಕ್ಕೆ ಇಳಿಸಿದ್ರೆ 2,160. ಒಬ್ರೇ ಕೂತು ಮಾಡೋರಿಗೆ ಅದೇ ಬೇಕಾದಷ್ಟು ಆಗುತ್ತೆ. ಅದಕ್ಕೇ ಒಂದು ಪಾತ್ರ, ಒಂದು ಜಾಗ, ಒಂದು ಹೊತ್ತು ಅಂತ ಹಿಡ್ಕೊಳ್ಳಿ.

ಈಗ ಕೆರೆಗೆ ಬರೋಣ. ಗುಳುಮುಳುಕ ಅಂತ ಒಂದು ಹಕ್ಕಿ ಇದೆ, ನಮ್ಮ ಕೆರೆಗಳಲ್ಲಿ ಈಗ್ಲೂ ಸಿಗುತ್ತೆ, ಪಾರಿವಾಳಕ್ಕಿಂತ ಸ್ವಲ್ಪ ಚಿಕ್ಕದು, ಬಾಲಾನೇ ಇಲ್ಲದಂಗೆ ಕಾಣುತ್ತೆ, ನೀವು ನೋಡ್ತಿರೋ ಹಂಗೇ ಗುಳುಂ ಅಂತ ಮುಳುಗಿ ಇನ್ನೆಲ್ಲೋ ಏಳುತ್ತೆ. ಇದು ಜೊಂಡು, ಪಾಚಿ ಸೇರಿಸಿ ನೀರ ಮೇಲೆ ತೇಲೋ ಗೂಡು ಕಟ್ಟುತ್ತೆ. ಗೂಡು ಬಿಟ್ಟು ಹೋಗುವಾಗ ಒದ್ದೆ ಸೊಪ್ಪು ಎಳೆದು ಮೊಟ್ಟೆ ಮುಚ್ಚಿ ಹೋಗುತ್ತೆ, ಯಾರ ಕಣ್ಣಿಗೂ ಬೀಳ್ಬಾರ್ದು ಅಂತ. ನನಗೆ ನಿಮ್ಮ ಸಿನಿಮಾ ಇಲ್ಲೇ ಇದೆ ಅನ್ಸುತ್ತೆ. ಹಕ್ಕಿ ಮೊಟ್ಟೆ ಮುಚ್ಚಿಟ್ಟು ಹೋಯ್ತು, ವಾಪಸ್ ಬರೋಷ್ಟರಲ್ಲಿ ನೊರೆ ಎಲ್ಲಾನೂ ಮುಚ್ಚಿಬಿಟ್ಟಿದೆ. ಇನ್ನು ಅದಕ್ಕೆ ಬೇಕಾಗಿರೋದು ಒಂದೇ, ತನ್ನ ಗೂಡು. ನೋಡೋರಿಗೂ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತೆ, ಡೈಲಾಗ್ ಬೇಕಾಗಲ್ಲ.

ನೊರೆ ಎಲ್ಲಿಂದ ಬರುತ್ತೆ ಅನ್ನೋದನ್ನೂ ಬಾಯಲ್ಲಿ ಹೇಳ್ಬೇಡಿ. ಸೋಪು ಡಿಟರ್ಜೆಂಟು ಬೆರೆತ ಚರಂಡಿ ನೀರು ಕೋಡಿಯಲ್ಲಿ ಧುಮುಕಿ ಅಲ್ಲಿ ನೊರೆ ಏಳುತ್ತೆ, ಬೆಳ್ಳಂದೂರಲ್ಲಿ ಅದು ಗಾಳಿಗೆ ಹಾರಿ ರಸ್ತೆಗೆ ಬಂದಿದ್ದನ್ನ ಎಲ್ಲರೂ ಟೀವೀಲಿ ನೋಡಿದಾರೆ. ಹಾಗಾಗಿ ಗೂಡನ್ನ ಕೋಡಿ ಹತ್ರ ಇಡಿ, ಮೊದಲ ಶಾಟಲ್ಲೇ ನೀರು ಬೀಳೋ ಸದ್ದು ಕೇಳಿಸ್ಲಿ, ಸಾಕು. 2015, 2017, 2018ರಲ್ಲಿ ಬೆಂಕಿ ಕಾಣಿಸ್ಕೊಂಡಿದ್ದು ನಿಜ, ಆದ್ರೆ ಅದನ್ನೂ ಇದಕ್ಕೆ ತುರುಕ್ಬೇಡಿ, ಅದು ಬೇರೆ ಸಿನಿಮಾ. ಇನ್ನೊಂದು ಲಾಭ ನೋಡಿ, ನೊರೆ ಬಿಡಿಸೋಕೆ ಖರ್ಚೇ ಇಲ್ಲ! ಮುಕ್ಕಾಲು ತೆರೆ ಬರೀ ಬಿಳಿ, ಹಕ್ಕಿ ಮುಳುಗಿದಾಗ ಕೆಳಗೆ ಪೂರ್ತಿ ಕಪ್ಪು. ಬಜೆಟ್ ಇಲ್ಲದ್ದೇ ನಿಮ್ಮ ಸ್ಟೈಲ್ ಆಗಿಹೋಗುತ್ತೆ.

ಮಾತಿಲ್ಲದೆ ಜನಕ್ಕೆ ತಲುಪುತ್ತಾ ಅನ್ನೋ ಅನುಮಾನ ಇದ್ರೆ ಪಿಕ್ಸಾರ್‌ನೋರು 1986ರಲ್ಲಿ ಮಾಡಿದ 'ಲಕ್ಸೋ ಜೂನಿಯರ್' ನೋಡಿ. ಎರಡೇ ನಿಮಿಷದ್ದು, ಎರಡು ಟೇಬಲ್ ಲ್ಯಾಂಪು, ಕಣ್ಣಿಲ್ಲ ಬಾಯಿಲ್ಲ. ಮೊದಲ ಪ್ರದರ್ಶನ ಆದ್ಮೇಲೆ ಜಿಮ್ ಬ್ಲಿನ್ ಅನ್ನೋ ದೊಡ್ಡ ಗ್ರಾಫಿಕ್ಸ್ ತಜ್ಞರು ಹತ್ರ ಬಂದಾಗ ನಿರ್ದೇಶಕ ಜಾನ್ ಲ್ಯಾಸೆಟರ್ 'ಇವ್ರು ನೆರಳು ಹೆಂಗ್ ಮಾಡಿದ್ರಿ ಅಂತ ಕೇಳ್ತಾರೆ' ಅನ್ಕೊಂಡಿದ್ರಂತೆ, ಅವ್ರು ಕೇಳಿದ್ದು ದೊಡ್ಡ ಲ್ಯಾಂಪು ಅಪ್ಪಾನಾ ಅಮ್ಮಾನಾ ಅಂತ!

ಕೊನೆ ಹೆಂಗೆ ಅಂತ ನಾನು ಹೇಳಲ್ಲ, ಅದು ನಿಮ್ದೇ ಆಗ್ಬೇಕು. ಗೂಡು ಸಿಗ್ಬಹುದು, ಸಿಗದೇ ಇರ್ಬಹುದು, ನೊರೆ ಒಳಗಿಂದ ಮರಿ ಸದ್ದು ಕೇಳ್ಬಹುದು. ಮೂರನ್ನೂ ಸಣ್ಣ ಸಣ್ಣ ಚೀಟಿ ಮೇಲೆ ಗೀಚಿ, ಮೊಬೈಲಲ್ಲಿ ಫೋಟೋ ಹೊಡೆದು, ಸಾಲಾಗಿ ಜೋಡಿಸಿ, ಬಾಯಲ್ಲೇ ಸೌಂಡ್ ಮಾಡಿ ಸೇರಿಸಿ, ಅದೇ ನಿಮ್ಮ ಆನಿಮ್ಯಾಟಿಕ್, ಅಂದ್ರೆ ಸಿನಿಮಾದ ಕಚ್ಚಾ ರೂಪ. ಕ್ಲಾಸ್‌ಮೇಟ್ಸಿಗೆ ತೋರಿಸ್ಬೇಡಿ, ಅವ್ರಿಗೆ ಆಗ್ಲೇ ಕತೆ ಗೊತ್ತು. ಪಿಜಿ ಆಂಟಿಗೆ ತೋರಿಸಿ, ಬಾಯಿ ಮುಚ್ಕೊಂಡು ಪಕ್ಕ ಕೂತ್ಕೊಳ್ಳಿ, ಮುಗಿದ್ಮೇಲೆ ಏನಾಯ್ತು ಹೇಳಿ ಆಂಟಿ ಅನ್ನಿ. ಅವ್ರು ಎಲ್ಲಿ ತಡವರಿಸ್ತಾರೋ ಅಲ್ಲಿ ಒಂದು ಶಾಟ್ ಕಮ್ಮಿ ಇದೆ, ಇಲ್ಲಾ ಜಾಸ್ತಿ ಇದೆ.

ಪ್ರಶ್ನೆ: ಕತೆ ಐಡಿಯಾ ಬೇರೆಯವರಿಗೆ ಹೇಳಿದ್ರೆ ಕದ್ದುಬಿಡ್ತಾರೆ ಅಂತ ಭಯ. ಐಡಿಯಾಗೆ ಕಾಪಿರೈಟ್ ತಗೋಬಹುದಾ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಬರೀ ಐಡಿಯಾಗೆ ಇಲ್ಲ. ಆರ್.ಜಿ. ಆನಂದ್ ಅನ್ನೋರ ನಾಟಕದ ಕೇಸಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನ ಸ್ಪಷ್ಟವಾಗಿ ಹೇಳಿದೆ, ಐಡಿಯಾಗೆ ಹಕ್ಕಿಲ್ಲ, ಅದನ್ನ ನೀವು ಬರೆದ, ಚಿತ್ರಿಸಿದ ರೂಪಕ್ಕೆ ಮಾತ್ರ ಹಕ್ಕು. ಅಂದ್ರೆ ಸ್ಕ್ರಿಪ್ಟ್, ಸ್ಟೋರಿಬೋರ್ಡ್ (ಒಂದೊಂದೇ ಶಾಟಾಗಿ ಚಿತ್ರದಲ್ಲಿ ಬಿಡಿಸಿದ ಕತೆ) ಮಾಡಿದ್ರೆ ಅದು ನಿಮ್ದು, ಟೀ ಕುಡೀತಾ ಹೇಳಿದ ಒಂದು ಸಾಲು ಎಲ್ಲರದ್ದು. ಬೇಗ ಬರೀರಿ, ತಾರೀಕು ಹಾಕಿಡಿ, ನಿಮಗೇ ಮೇಲ್ ಮಾಡ್ಕೊಂಡ್ರೆ ಒಂದು ದಾಖಲೆನಾದ್ರೂ ಇರುತ್ತೆ.

ಪ್ರಶ್ನೆ: ದುಡ್ಡು ಕೊಡದೆ ಸಿಗೋ ಸಾಫ್ಟ್‌ವೇರ್ ಯಾವುದು? (ಓದುಗರೊಬ್ಬರು, ಶಿರಸಿ)

ಉತ್ತರ: ಚಿತ್ರಕ್ಕೆ ಕ್ರಿತಾ, ಆನಿಮೇಷನ್ನಿಗೆ ಬ್ಲೆಂಡರ್, ಎರಡೂ ಫ್ರೀ. ಬ್ಲೆಂಡರಲ್ಲಿ ಗ್ರೀಸ್ ಪೆನ್ಸಿಲ್ ಅಂತ ಇದೆ, ಟೂಡಿ, ಅಂದ್ರೆ ಕೈಯಲ್ಲಿ ಬಿಡಿಸೋ ಚಪ್ಪಟೆ ಚಿತ್ರ ಕೂಡ ಅಲ್ಲೇ ಬಿಡಿಸ್ಬಹುದು. 2025ರಲ್ಲಿ ಆಸ್ಕರ್ ತಗೊಂಡ ಲಾಟ್ವಿಯಾದ 'ಫ್ಲೋ' ಸಿನಿಮಾ ಮಾಡಿದ್ದೂ ಬ್ಲೆಂಡರಲ್ಲೇ, ಸೋ ಸಾಫ್ಟ್‌ವೇರ್ ಮೇಲೆ ತಪ್ಪು ಹಾಕೋ ಹಂಗಿಲ್ಲ ಇನ್ನು.