ಬ್ಯಾನ್ಶೀಸ್ ಬ್ಯಾಂಡ್ ಮುಗಿದ ಮೇಲೆ ಸ್ಟೀವನ್ ಸೆವೆರಿನ್ ಮಾಡಿದ ಸಿನಿಮಾ ಸಂಗೀತ ಕೇಳಬಹುದಾ? 'ಬರೀ ಗುಂಯ್ ಅನ್ನುತ್ತೆ' ಅಂತಾರೆ ನನ್ನ ಗೆಳೆಯರು. ಎಲ್ಲಿಂದ ಶುರು ಮಾಡಲಿ?

ಕೇಳಬಹುದು. ಆದರೆ ಸೆವೆರಿನ್ ಬಾಸ್ ಗಿಟಾರ್ ನುಡಿಸುತ್ತಿದ್ದ ಬ್ರಿಟಿಷ್ ರಾಕ್ ಬ್ಯಾಂಡ್ ಸೂಕ್ಸಿ ಆ್ಯಂಡ್ ದ ಬ್ಯಾನ್ಶೀಸ್‌ನ ಹಾಡುಗಳ ಗುಂಗಿನಲ್ಲಿ ಹೋದರೆ ನಿರಾಸೆ ಗ್ಯಾರಂಟಿ. ಇಲ್ಲಿ ಗಾಯಕಿ ಸೂಕ್ಸಿಯ ದನಿ ಇಲ್ಲ, ಕುಣಿಸುವ ಹಾಡಿಲ್ಲ. ನಿಧಾನವಾಗಿ ಹಬ್ಬುವ ಎಲೆಕ್ಟ್ರಾನಿಕ್ ಸದ್ದು ಅಷ್ಟೇ. ನಿಮ್ಮ ಗೆಳೆಯರು 'ಬರೀ ಗುಂಯ್ ಅನ್ನುತ್ತೆ' ಅಂದರಂತಲ್ಲ, ಚಿತ್ರ ನೋಡದೆ ಸುಮ್ನೆ ಕೇಳಿದರೆ ಹಾಗೇ ಅನ್ನಿಸುತ್ತದೆ.

ಬ್ಯಾಂಡ್ ಒಡೆದದ್ದು 1996ರಲ್ಲಿ. ಸೆವೆರಿನ್ ಸಿನಿಮಾ ಕಡೆ ವಾಲಿದ್ದು ಅದಕ್ಕೂ ಮೊದಲೇ. 1989ರಲ್ಲಿ ನೈಜೆಲ್ ವಿಂಗ್ರೋವ್ ಅವರ 'ವಿಷನ್ಸ್ ಆಫ್ ಎಕ್ಸ್ಟಸಿ' ಕಿರುಚಿತ್ರಕ್ಕೆ ಸಂಗೀತ ಕೊಟ್ಟರು. ದೈವನಿಂದನೆ ಅಂತ ಬ್ರಿಟಿಷ್ ಸೆನ್ಸಾರ್ ಅದನ್ನು ತಡೆಯಿತು. ವಿಂಗ್ರೋವ್ ಯುರೋಪಿನ ಮಾನವ ಹಕ್ಕುಗಳ ಕೋರ್ಟ್‌ವರೆಗೂ ಹೋಗಿ ಅಲ್ಲೂ ಸೋತರು. ಚಿತ್ರಕ್ಕೆ ಸರ್ಟಿಫಿಕೇಟ್ ಸಿಕ್ಕಿದ್ದು 2012ರಲ್ಲಿ!

ನೀವು ಶುರು ಮಾಡಬೇಕಾದದ್ದು ಸೆವೆರಿನ್ ಹೊಸದಾಗಿ ಸಂಗೀತ ಕೊಟ್ಟ ಫ್ರೆಂಚ್ ಮೂಕಿ ಚಿತ್ರ 'ದ ಸೀಶೆಲ್ ಆ್ಯಂಡ್ ದ ಕ್ಲರ್ಜಿಮನ್'ನಿಂದ. ಜರ್ಮೇನ್ ದ್ಯುಲಾಕ್ ನಿರ್ದೇಶನ, ಆಂತೋನ್ಯಾ ಆರ್ತೋ ಕತೆ. 1928ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ, ಅಂದರೆ ಬುನ್ಯುಯೆಲ್ ಮತ್ತು ಡಾಲಿಯ ಹೆಸರಾಂತ ಸರ್ರಿಯಲಿಸ್ಟ್ ಚಿತ್ರ 'ಅನ್ ಶಿಯಾ ಅಂದಾಲೂ' ಬರುವುದಕ್ಕೂ ಒಂದು ವರ್ಷ ಮೊದಲು. ಇದಕ್ಕೂ ಬ್ರಿಟಿಷ್ ಸೆನ್ಸಾರ್ ಕಾಟ ತಪ್ಪಲಿಲ್ಲ. ಏನೂ ಅರ್ಥವಾಗುವುದಿಲ್ಲ, ಅರ್ಥ ಅಂತ ಏನಾದರೂ ಇದ್ದರೆ ಅದು ಕೆಟ್ಟದ್ದೇ ಇರಬೇಕು ಅಂದುಬಿಟ್ಟರು. ಈ ಮನುಷ್ಯನಿಗೆ ಇಂಥ ಚಿತ್ರಗಳೇ ಗಂಟು ಬೀಳುತ್ತವೆ, ಅಲ್ವಾ?

ಶುರುವಿನಲ್ಲಿ ಒಬ್ಬ ಪಾದ್ರಿ ಚಿಪ್ಪಿನಿಂದ ಗಾಜಿನ ಬುರುಡೆಗಳಿಗೆ ಏನನ್ನೋ ಸುರಿದು, ಒಂದೊಂದಾಗಿ ನೆಲಕ್ಕೆ ಬಿಟ್ಟು ಒಡೆಯುತ್ತಾನೆ. ಒಂದೊಂದು ಬುರುಡೆಗೂ 'ಫಳ್' ಅಂತ ಸದ್ದು ಕೊಟ್ಟರೆ ದೃಶ್ಯ ತಮಾಷೆಯಾಗುತ್ತದೆ. ಸೆವೆರಿನ್‌ರದು ಆ ಜಾಯಮಾನ ಅಲ್ಲ. ಅವರ ಸಂಗೀತ ಪಾತ್ರದ ಕೈಕಾಲನ್ನು ಹಿಂಬಾಲಿಸುವುದಿಲ್ಲ, ಇಡೀ ಕೋಣೆಯ ಗಾಳಿಯನ್ನೇ ಭಾರ ಮಾಡುತ್ತದೆ. 1981ರ 'ಜೂಜೂ' ಆಲ್ಬಂನಲ್ಲಿ ಅವರ ಬಾಸ್ ಮಾತ್ರ ಹಿಡಿದು ಕೇಳಿ, ಈ ಗುಣ ಆಗಲೇ ಇತ್ತು ಅಂತ ಗೊತ್ತಾಗುತ್ತದೆ.

ಆಮೇಲಿನವು ಫ್ರೆಂಚ್ ನಿರ್ದೇಶಕ ಕಾಕ್ಟೋನ 'ಬ್ಲಡ್ ಆಫ್ ಎ ಪೊಯೆಟ್' ಮತ್ತು ಡೆನ್ಮಾರ್ಕಿನ ನಿರ್ದೇಶಕ ಡ್ರೇಯರ್‌ನ 'ವ್ಯಾಂಪೈರ್'. ಸೆವೆರಿನ್ ಇವಕ್ಕೆ ಸಂಗೀತ ಕೊಟ್ಟದ್ದು 2010 ಮತ್ತು 2012ರಲ್ಲಿ. ಇವೆರಡೂ ಮೂಕಿ ಚಿತ್ರಗಳಲ್ಲ, ಮೂಲದಲ್ಲೇ ಸಂಗೀತ ಇದೆ. ಕಾಕ್ಟೋ ವಿಷಯದಲ್ಲಿ ನನಗೆ ತಕರಾರಿಲ್ಲ. ಮೂಲ ಸಂಗೀತಗಾರ ಜಾರ್ಜ್ ಓರಿಕ್ ಒಂದು ದೃಶ್ಯಕ್ಕೆ ಬರೆದ ಸಂಗೀತವನ್ನು ಕಾಕ್ಟೋನೇ ಬೇಕಂತಲೇ ಇನ್ನೊಂದಕ್ಕೆ ಅಂಟಿಸಿದ್ದ. ಅಂಥವನ ಚಿತ್ರಕ್ಕೆ ಹೊಸ ಸಂಗೀತ ಹಾಕಿದರೆ ಮೈಲಿಗೆ ಏನಿಲ್ಲ. 'ವ್ಯಾಂಪೈರ್' ಮಾತ್ರ ಬೇರೆ. ಅದರಲ್ಲಿ ಮಾತು ಕಡಿಮೆ. ತೆರೆಯಾಚೆಯಿಂದ ಬರುವ ಸಣ್ಣಪುಟ್ಟ ಸದ್ದುಗಳೇ ಜಾಸ್ತಿ ಹೆದರಿಸುವುದು. ಅವನ್ನು ಮುಚ್ಚಿ ಹೊಸದನ್ನು ಹಾಕಿದರೆ ಭಯದ ಅರ್ಧ ಪಾಲು ಹೋಗುತ್ತದೆ. ಹಾಗಾಗಿ ಡ್ರೇಯರ್ ಚಿತ್ರವನ್ನು ಮೊದಲು ಮೂಲ ಸದ್ದಿನಲ್ಲೇ ನೋಡಿ, ಸೆವೆರಿನ್ ಆವೃತ್ತಿ ಆಮೇಲಿರಲಿ.